ಎಲ್ಲ ಮಬ್ಬೂ ಪೊರೆಯಲ್ಲ

ಕೆಲವು ವರ್ಷಗಳ ಹಿಂದೆ ಹಾನಗಲ್ ಕಡೆಯ ಹಿರಿಯರೊಬ್ಬರು ರಕ್ತದೊತ್ತಡದ ಗುಳಿಗೆಗೆಂದು ನನ್ನ ದವಾಖಾನೆಗೆ ಬಂದಿದ್ದರು. ಹೊರಡುವಾಗ, ‘ಸಾಹೇಬ್ರ, ಎರಡು ದಿನದಿಂದ ಬಲಗಣ್ಣಿಗೆ ನಿಮ್ಮ ಮಾರಿ ಕಾಣವಲ್ದು, ಬಾಜೂಕಿನ ಗೋಡಿ ಕಾಣತೈತಿ’ ಎಂದರು. ‘ಪೊರೆ ಬಂದಿರಬೇಕು, ಮುಂದಿನ ಶಿಬಿರದಲ್ಲಿ ತೋರಿಸಿ’ ಎಂದುಬಿಟ್ಟೆ. ಶಿಬಿರ ನಡೆದದ್ದು ಎರಡು ತಿಂಗಳ ನಂತರ. ಅವರಿಗಿದ್ದದ್ದು ಅಕ್ಷಿಪಟಲದ ಅಡಿಯ ರಕ್ತಸ್ರಾವ. ಅಷ್ಟರಲ್ಲಿ ಚಿಕಿತ್ಸೆಯ ಕಾಲ ಮೀರಿತ್ತು. ತಪ್ಪು ನನ್ನದೇ.

ಈ ತಪ್ಪಿಗೆ ಒಂದು ಹಿನ್ನೆಲೆಯಿದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರ ನೇತ್ರ ಶಿಬಿರಗಳು, 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಲಕ್ಷಾಂತರ ಜನರಿಗೆ ದೃಷ್ಟಿ ಕೊಟ್ಟವು. ಅದರ ಜೊತೆಗೆ, ವಯಸ್ಸಾದವರ ಕಣ್ಣು ಮಬ್ಬಾದರೆ ಅದು ಪೊರೆಯೇ, ಕಾಯಬಹುದು ಎಂಬ ನಂಬಿಕೆಯೂ ನಮ್ಮಲ್ಲಿ ಬೇರೂರಿತು. ಪೊರೆ ಕಾಯುತ್ತದೆ. ರಕ್ತಸ್ರಾವ ಕಾಯುವುದಿಲ್ಲ.

ಅಕ್ಷಿಪಟಲದ ನಡುಭಾಗವೇ ಮ್ಯಾಕುಲಾ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಅದರಿಂದಲೇ. ಐವತ್ತು ದಾಟಿದ ಮೇಲೆ ಕೆಲವರಲ್ಲಿ ಇದು ಸವೆಯುತ್ತದೆ. ಅಂಥವರಲ್ಲಿ ಕೆಲವರಿಗೆ ಅದರ ಅಡಿಯಲ್ಲಿ ದುರ್ಬಲವಾದ ಹೊಸ ರಕ್ತನಾಳಗಳು ಹುಟ್ಟಿ ಒಡೆಯುತ್ತವೆ. ಅಲ್ಲಿ ನಿಂತ ರಕ್ತ ಕೆಳಗಿನಿಂದ ಬರುವ ಪೋಷಣೆಯನ್ನು ತಡೆಯುತ್ತದೆ. ರಕ್ತದಲ್ಲಿರುವ ಕಬ್ಬಿಣದ ಅಂಶ ಸೂಕ್ಷ್ಮ ಜೀವಕೋಶಗಳಿಗೆ ವಿಷವಾಗುತ್ತದೆ. ಕೆಲವೇ ದಿನಗಳಲ್ಲಿ ಹಾನಿ ಬಲಿಯುತ್ತದೆ.

ಇದಕ್ಕೆ ಚಿಕಿತ್ಸೆ ಇದೆಯೇ? ಇದೆ. ರಕ್ತ ತೆಳುವಾಗಿದ್ದರೆ, ಹೊಸ ನಾಳಗಳನ್ನು ಒಣಗಿಸುವ ಚುಚ್ಚುಮದ್ದನ್ನು ಕಣ್ಣಿನೊಳಗೆ ಕೊಡುತ್ತಾರೆ. ಮೊದಲು ತಿಂಗಳಿಗೊಂದು, ನಂತರ ಅಗತ್ಯ ನೋಡಿ. ರಾನಿಬಿಜುಮ್ಯಾಬ್ ದುಬಾರಿ, ಮೂಲತಃ ಕ್ಯಾನ್ಸರ್ ಔಷಧವಾದ ಬೆವಾಸಿಜುಮ್ಯಾಬ್ ಅಗ್ಗ. ರಕ್ತ ದಪ್ಪವಾಗಿ ನಿಂತಿದ್ದರೆ, ಹೃದಯಾಘಾತದಲ್ಲಿ ಹೆಪ್ಪು ಕರಗಿಸಲು ಬಳಸುವ ಟಿಪಿಎ ಔಷಧವನ್ನೂ ಅನಿಲದ ಗುಳ್ಳೆಯನ್ನೂ ಕಣ್ಣಿನೊಳಗೆ ಬಿಟ್ಟು, ರೋಗಿಯನ್ನು ಕೆಲವು ದಿನ ಮುಖ ಕೆಳಗೆ ಮಾಡಿ ಇರಿಸುತ್ತಾರೆ. ಗುಳ್ಳೆ ರಕ್ತವನ್ನು ನಡುಭಾಗದಿಂದ ಪಕ್ಕಕ್ಕೆ ಸರಿಸುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಎಲ್ಲರಿಗೂ ಓದುವ ದೃಷ್ಟಿ ಮರಳುತ್ತದೆಂದು ಹೇಳಲಾರೆ. ಆದರೆ ಮೊದಲ ಎರಡು ವಾರದೊಳಗೆ ಹೋದವರಿಗೆ ಲಾಭದ ಸಾಧ್ಯತೆ ಹೆಚ್ಚು.

ಹಾನಗಲ್, ಶಿಗ್ಗಾವಿ, ಸವಣೂರಿನವರಿಗೆ ಹುಬ್ಬಳ್ಳಿ, ಹಿರೇಕೆರೂರಿನವರಿಗೆ ದಾವಣಗೆರೆ ಅಂಥ ದೂರವೇನಲ್ಲ; ಬೆಳಗಿನ ಬಸ್ ಹಿಡಿದರೆ ಮಧ್ಯಾಹ್ನದೊಳಗೆ ತಲುಪಬಹುದು. ನಾವು ಕಳೆದುಕೊಳ್ಳುವುದು ದಾರಿಯಲ್ಲಿ ಅಲ್ಲ, ಮನೆಯಲ್ಲಿ. ‘ಸುಗ್ಗಿ ಮುಗಿಯಲಿ’, ‘ಮಗ ಊರಿಂದ ಬರಲಿ’, ‘ಇನ್ನೊಂದು ಕಣ್ಣು ಇದೆಯಲ್ಲ’ ಎನ್ನುತ್ತಾ ದಿನ ದೂಡುತ್ತೇವೆ.

ಆದ್ದರಿಂದ ಮೂರು ಮಾತು. ಮೊದಲನೆಯದು, ಮನೆಯ ಹಿರಿಯರಿಗೆ ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿಕೊಂಡು ಬಾಗಿಲ ಚೌಕಟ್ಟನ್ನು ಅಥವಾ ಮಕ್ಕಳ ಲೆಕ್ಕದ ಚೌಕುಳಿ ಹಾಳೆಯನ್ನು ನೋಡಲು ಹೇಳಿ. ಗೆರೆ ಸೊಟ್ಟಗೆ ಕಂಡರೆ, ನಡುವೆ ಕಪ್ಪು ಕಲೆ ಬಂದರೆ ಮರುದಿನವೇ ಅಕ್ಷಿಪಟಲ ತಜ್ಞರ ಬಳಿ ಕರೆದೊಯ್ಯಿರಿ. ಎರಡನೆಯದು, ಬೀಡಿ ಸಿಗರೇಟು ಈ ರೋಗವನ್ನು ಹೆಚ್ಚಿಸುತ್ತವೆ, ಬಿಡಿಸಿ. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ತಜ್ಞರಿಗೆ ತಿಳಿಸಿ, ತಾವಾಗಿಯೇ ನಿಲ್ಲಿಸಬೇಡಿ.

ಮೂರನೆಯದು ನನ್ನಂಥ ವೈದ್ಯರಿಗೆ, ಶಿಬಿರ ನಡೆಸುವವರಿಗೆ ಮತ್ತು ಸರ್ಕಾರಕ್ಕೆ. ಶಿಬಿರವೆಂದರೆ ಪೊರೆ ಎಣಿಸುವ ಕೆಲಸವಷ್ಟೇ ಆಗಬಾರದು. ಒಂದು ಚೌಕುಳಿ ಹಾಳೆಗೆ ಖರ್ಚಿಲ್ಲ; ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೂ ಅದು ಇರಲಿ. ಚುಚ್ಚುಮದ್ದು ಬಡವರ ಕೈಗೆಟುಕುವಂತಾಗಲಿ.

ಆ ಹಿರಿಯರು ಈಗಲೂ ಗುಳಿಗೆಗೆ ಬರುತ್ತಾರೆ. ಅವರ ಎಡಗಣ್ಣನ್ನು ಪ್ರತಿಸಲ ಪರೀಕ್ಷಿಸುತ್ತೇನೆ.