ದಾಳಿಯಿಂದ ಅಮಲು ಇಳಿದೀತೇ?

2024ರ ಮೇ ತಿಂಗಳಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಸಮೀಪದ ತೋಟದ ಮನೆಯೊಂದರಲ್ಲಿ ನಡೆಯುತ್ತಿದ್ದ ರೇವ್ ಪಾರ್ಟಿಯ ಮೇಲೆ ಪೊಲೀಸರು ದಾಳಿ ನಡೆಸಿದರು. ಹುಟ್ಟುಹಬ್ಬದ ಹೆಸರಿನಲ್ಲಿ ಅಲ್ಲಿ ನೆರೆದಿದ್ದ 103 ಮಂದಿಯ ಪೈಕಿ 86 ಮಂದಿಯ ರಕ್ತದಲ್ಲಿ ಮಾದಕ ವಸ್ತುವಿನ ಅಂಶ ಪತ್ತೆಯಾಗಿದೆಯೆಂದು ಪೊಲೀಸರು ಪ್ರಕಟಿಸಿದರು. ಟಿ.ವಿ. ವಾಹಿನಿಗಳಿಗೆ ಹಲವು ದಿನಗಳ ಮಟ್ಟಿಗೆ ಬೇರೆ ಸುದ್ದಿಯೇ ಬೇಕಾಗಲಿಲ್ಲ. ಶಿಗ್ಗಾಂವ, ಸವಣೂರು, ಹಾನಗಲ್ಲಿನಂತಹ ಊರುಗಳಲ್ಲಿ ಕುಳಿತು ಅದನ್ನು ವೀಕ್ಷಿಸಿದ ನಮ್ಮ ಮನೆಮಂದಿ 'ತೌಬಾ ತೌಬಾ' ಎಂದು ಉದ್ಗರಿಸಿ, ಇದು ಮಹಾನಗರದ ಸಿರಿವಂತರಿಗಷ್ಟೇ ತಗಲುವ ರೋಗವೆಂದು ಸಮಾಧಾನಪಟ್ಟುಕೊಂಡರು. ಈ ಸಮಾಧಾನವನ್ನೇ ನಾವಿಂದು ಪ್ರಶ್ನಿಸಬೇಕಾಗಿದೆ.

ಶಿಗ್ಗಾಂವಕ್ಕೆ ಈ ವಿಷಯ ಅಷ್ಟೇನೂ ದೂರದ್ದಲ್ಲ. 2020ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಕನ್ನಡ ಚಿತ್ರರಂಗದ ಹೆಸರು ತಳುಕುಹಾಕಿಕೊಂಡ ಮಾದಕ ದ್ರವ್ಯ ಪ್ರಕರಣ ನಾಡನ್ನೇ ಅಲುಗಾಡಿಸಿದಾಗ ರಾಜ್ಯದ ಗೃಹ ಸಚಿವರಾಗಿದ್ದವರು ಇದೇ ಕ್ಷೇತ್ರದ ಅಂದಿನ ಶಾಸಕ ಬಸವರಾಜ ಬೊಮ್ಮಾಯಿ. ಇಬ್ಬರು ನಟಿಯರು ಸೇರಿದಂತೆ ಹಲವರು ಬಂಧನಕ್ಕೊಳಗಾದರು. ಆ ನಟಿಯರು ತಿಂಗಳುಗಟ್ಟಲೆ ಸೆರೆಮನೆಯಲ್ಲಿದ್ದರು. ನ್ಯಾಯಾಲಯ ಬಾಯಿ ತೆರೆಯುವ ಮೊದಲೇ ವಾಹಿನಿಗಳು ತೀರ್ಪು ನೀಡಿಬಿಟ್ಟಿದ್ದವು. ವರ್ಷಗಳ ಬಳಿಕ ಅವರಿಬ್ಬರ ಮೇಲಿನ ಮೊಕದ್ದಮೆಗಳನ್ನು ರಾಜ್ಯ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಆದರೆ ಆ ಸುದ್ದಿಗೆ ಬಂಧನದ ಸುದ್ದಿಗೆ ದೊರೆತ ಜಾಗದ ಕಾಲು ಭಾಗವೂ ದೊರೆಯಲಿಲ್ಲ. ಇಷ್ಟೆಲ್ಲ ಅಬ್ಬರದಿಂದ ದಂಧೆ ನಿಂತಿತೇ? ನಾಲ್ಕು ವರ್ಷಗಳ ನಂತರದ ಆ ತೋಟದ ಮನೆಯೇ ಇದಕ್ಕೆ ಉತ್ತರ.

ಸರಕಾರ ಕೈಕಟ್ಟಿ ಕುಳಿತಿರಬೇಕೆಂದು ನಾವು ಹೇಳುತ್ತಿಲ್ಲ. ಯುವಜನರ ರಕ್ತದಲ್ಲಿ ವಿಷ ಬೆರೆಸಿ ಮಹಡಿ ಕಟ್ಟುವವರಿಗೆ ಕಠಿಣ ಶಿಕ್ಷೆಯಾಗಲೇಬೇಕು. ಆದರೆ 1985ರ ಮಾದಕ ದ್ರವ್ಯ ಕಾಯಿದೆಯೇ ಮಾರುವವನನ್ನೂ ಸೇವಿಸುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ರೇವ್ ಪಾರ್ಟಿಗಳಲ್ಲಿ ಹರಿದಾಡುವ ಎಂ.ಡಿ.ಎಂ.ಎ. ಅರ್ಧ ಗ್ರಾಂವರೆಗೆ ಇದ್ದರೆ ಅದು ಅಲ್ಪ ಪ್ರಮಾಣ, 10 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ಅಷ್ಟೇ ಅಲ್ಲ, ವ್ಯಸನಿಯು ತಾನಾಗಿಯೇ ಮುಂದೆ ಬಂದು ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರೈಸಿದರೆ, ಸೇವನೆ ಹಾಗೂ ಅಲ್ಪ ಪ್ರಮಾಣದ ಅಪರಾಧಗಳಲ್ಲಿ ಅವನನ್ನು ವಿಚಾರಣೆಗೆ ಗುರಿಪಡಿಸಬಾರದೆಂದು ಅದೇ ಕಾಯಿದೆಯ 64-ಎ ಕಲಂ ಹೇಳುತ್ತದೆ. ಈ ಕಲಂ ಇರುವುದು ನಮ್ಮ ಎಷ್ಟು ತಂದೆತಾಯಿಗಳಿಗೆ ಗೊತ್ತು? ದಾಳಿಯ ಸುದ್ದಿ ಮನೆಮನೆ ತಲುಪುತ್ತದೆ, ಚಿಕಿತ್ಸೆಯ ದಾರಿ ಮಾತ್ರ ತಲುಪುವುದಿಲ್ಲ.

ಹೊರದೇಶಗಳ ಅನುಭವವೂ ಭಿನ್ನವಲ್ಲ. ಬಯಲಿನಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಇಂತಹ ಕೂಟಗಳನ್ನು ಚದುರಿಸಲು ಬ್ರಿಟನ್ 1994ರಲ್ಲಿ ಕಾನೂನು ತಂದಿತು. ಕೂಟಗಳು ಬಯಲಿನಿಂದ ಕ್ಲಬ್ಬುಗಳ ಒಳಗೆ ಸರಿದವು, ಮಾತ್ರೆಗಳು ಜೊತೆಯಲ್ಲೇ ಹೋದವು. ಅಮೆರಿಕ 2003ರಲ್ಲಿ ಕೂಟದ ಸಂಘಟಕರನ್ನೂ ಜಾಗದ ಮಾಲೀಕರನ್ನೂ ಹೊಣೆಯಾಗಿಸುವ ಕಾನೂನು ಮಾಡಿತು. ಕುಡಿಯುವ ನೀರು, ಆಂಬುಲೆನ್ಸ್ ಇರಿಸಿದರೆ ಅದೇ ತಮ್ಮ ವಿರುದ್ಧ ಸಾಕ್ಷ್ಯವಾದೀತೆಂದು ಮಾಲೀಕರು ಹೆದರುವಂತಾಯಿತೆಂಬ ಟೀಕೆ ಅಲ್ಲಿ ಕೇಳಿಬಂತು. ದೇಹದ ಉಷ್ಣತೆಯನ್ನು ಅಪಾಯದ ಮಟ್ಟಕ್ಕೇರಿಸಬಲ್ಲ ಈ ಮಾತ್ರೆಗಳನ್ನು ನುಂಗಿ ಕುಸಿದುಬಿದ್ದ ಗೆಳೆಯನನ್ನು, ಪೊಲೀಸರ ಭಯದಿಂದ ಅಲ್ಲೇ ಬಿಟ್ಟು ಓಡುವಂತಾದರೆ ಆ ಕಾನೂನು ಯಾರ ಜೀವವನ್ನು ಉಳಿಸಿತು?

ಇನ್ನೊಂದು ಅಪಾಯವನ್ನೂ ನಾವು ಮರೆಯುವಂತಿಲ್ಲ. ಸರಕಾರದ ದಾಳಿಯನ್ನು ನೋಡಿ ಬೀದಿಯ ಗುಂಪುಗಳೂ ತಾವೇ ಪೊಲೀಸರೆಂದು ಭಾವಿಸತೊಡಗುತ್ತವೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದರಲ್ಲಿ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆಯಲಾಯಿತು. 2012ರ ಜುಲೈಯಲ್ಲಿ ಅದೇ ನಗರದ ಪಡೀಲಿನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದವರ ಮೇಲೆ ರೇವ್ ಪಾರ್ಟಿಯ ಆರೋಪ ಹೊರಿಸಿ ಹಲ್ಲೆ ನಡೆಸಲಾಯಿತು. ಮೊದಲ ಪ್ರಕರಣದ ಆರೋಪಿಗಳು 2018ರಲ್ಲಿಯೂ ಎರಡನೆಯ ಪ್ರಕರಣದ ಆರೋಪಿಗಳು 2024ರಲ್ಲಿಯೂ ಖುಲಾಸೆಯಾದರು. ಪಬ್ಬಾಗಲಿ ಮದ್ಯವಾಗಲಿ ನಮಗೆ ಒಪ್ಪಿತವಲ್ಲ. ಹಾಗೆಂದು ಲಾಠಿ ಹಿಡಿದವರ ನೈತಿಕತೆಯೂ ನಮಗೆ ಒಪ್ಪಿತವಾಗಬಾರದು, ಆ ಲಾಠಿ ಹಿಡಿದವನು ನಮ್ಮ ಮೊಹಲ್ಲಾದ ಯುವಕನೇ ಆಗಿದ್ದರೂ ಸರಿ. ಖಲೀಫಾ ಉಮರ್ ಅವರು ಒಂದು ರಾತ್ರಿ ಗೋಡೆ ಹತ್ತಿ ಒಬ್ಬನ ಮದ್ಯಪಾನವನ್ನು ಪತ್ತೆಹಚ್ಚಿದ ಪ್ರಸಂಗ ನಮ್ಮಲ್ಲಿ ಪ್ರಸಿದ್ಧವಾಗಿದೆ. ನಾನು ಮಾಡಿದ್ದು ಒಂದು ತಪ್ಪು, ನೀವಾದರೋ ಗೂಢಚರ್ಯೆ ನಡೆಸಿದಿರಿ, ಬಾಗಿಲು ಬಿಟ್ಟು ಗೋಡೆ ಹಾರಿದಿರಿ, ಸಲಾಮ್ ಹೇಳದೆ ಒಳಬಂದಿರಿ ಎಂಬರ್ಥದಲ್ಲಿ ಆತ ಉತ್ತರಿಸಿದಾಗ ಖಲೀಫಾ ಹಿಂದಿರುಗಿದರೆಂದು ಹೇಳಲಾಗುತ್ತದೆ. ಕೆಡುಕನ್ನು ತಡೆಯುವುದಕ್ಕೂ ಒಂದು ಅದಬ್ ಇದೆ.

ಇನ್ನು ನಮ್ಮ ಅಂಗಳಕ್ಕೆ ಬರೋಣ. 2021ರ ಸೆಪ್ಟೆಂಬರಿನಲ್ಲಿ ಕೇರಳದ ಬಿಷಪ್ ಒಬ್ಬರು 'ನಾರ್ಕೋಟಿಕ್ ಜಿಹಾದ್' ಎಂಬ ಪದವನ್ನು ಬಳಸಿ ಇಡೀ ಸಮುದಾಯವನ್ನು ಕಟಕಟೆಗೆ ತಂದರು. ಆ ಅಪವಾದವನ್ನು ಖಂಡಿಸಿದ್ದು ಸರಿಯೇ. ಆದರೆ ಅಪವಾದವನ್ನು ಖಂಡಿಸುವ ಭರದಲ್ಲಿ ನಮ್ಮ ಮನೆಯ ರೋಗವನ್ನೇ ಅಲ್ಲಗಳೆಯುವುದು ಸರಿಯೇ? ನಮ್ಮ ಊರುಗಳಿಗೆ ತೋಟದ ಮನೆಯ ಪಾರ್ಟಿ ಬರಬೇಕಾಗಿಲ್ಲ. ಕೆಮ್ಮಿನ ಔಷಧದ ಬಾಟಲಿ, ನೋವಿನ ಮಾತ್ರೆಯ ಪಟ್ಟಿ, ಗಾಂಜಾದ ಪೊಟ್ಟಣ ಸಾಕು. ಹೆದ್ದಾರಿಯಲ್ಲಿ ಒಂದು ಗಂಟೆಯಷ್ಟು ದೂರದ ಹುಬ್ಬಳ್ಳಿಗೆ ಓದಲೆಂದೂ ದುಡಿಯಲೆಂದೂ ಹೋಗುವ ಹುಡುಗ ಏನನ್ನು ಕಲಿತು ಬರುತ್ತಿದ್ದಾನೆಂದು ಕೇಳುವ ಧೈರ್ಯ ನಮಗಿಲ್ಲ.

ಕೇಳಿ ಗೊತ್ತಾದ ಬಳಿಕವಾದರೂ ನಾವು ಮಾಡುವುದೇನು? ಮುಚ್ಚಿಡುತ್ತೇವೆ. 'ಮದುವೆ ಮಾಡಿದರೆ ಸರಿಹೋಗುತ್ತಾನೆ' ಎಂದು ತೀರ್ಮಾನಿಸುತ್ತೇವೆ. ಹುಡುಗನ ಅಮ್ಮಿಯೂ ಅಬ್ಬಾನೂ ಬಾಯಿ ಬಿಡುವುದಿಲ್ಲ. ನೆರೆಹೊರೆಯವರು 'ನಮಗೇಕೆ ಪರರ ಉಸಾಬರಿ' ಎನ್ನುತ್ತಾರೆ. ಮೌಲಾನಾರು ನಿಕಾಹ್ ಓದುತ್ತಾರೆ, ಜಮಾಅತಿನವರು ಬಿರಿಯಾನಿ ಉಂಡು ದುಆ ಮಾಡಿ ಮರಳುತ್ತಾರೆ. ವ್ಯಸನದ ಮದ್ದಾಗಿ ಹೋದ ಆ ಹೆಣ್ಣುಮಗಳು ವರ್ಷ ತುಂಬುವುದರೊಳಗೆ ಮೈಮೇಲೆ ಪೆಟ್ಟು, ಮಡಿಲಲ್ಲಿ ಕೂಸಿನೊಂದಿಗೆ ತವರಿನ ಬಾಗಿಲಲ್ಲಿ ನಿಂತಿರುತ್ತಾಳೆ. ಪೊಲೀಸರು ದಾಳಿ ನಡೆಸದ, ಕ್ಯಾಮರಾಗಳು ತಲುಪದ ಈ ಅನಾಹುತಕ್ಕೆ ನಾವೆಲ್ಲರೂ ಸಾಕ್ಷಿಗಳು, ಇನ್ನೂ ನಿಷ್ಠುರವಾಗಿ ಹೇಳಬೇಕೆಂದರೆ ಪಾಲುದಾರರು. ಅವನ ಗುಟ್ಟನ್ನು ಬೀದಿಗೆ ಹಾಕಬೇಕಾಗಿಲ್ಲ ನಿಜ. ಆದರೆ ಒಬ್ಬಳ ಬದುಕನ್ನು ಅವನ ಕೈಗೆ ಒಪ್ಪಿಸುವಾಗ ಸತ್ಯವನ್ನು ಮರೆಮಾಚುವುದು ವಂಚನೆಯಾಗುತ್ತದೆ.

ಆದ್ದರಿಂದ ಸರಕಾರಕ್ಕೂ ಸಮುದಾಯಕ್ಕೂ ನಮ್ಮದು ನೇರವಾದ ಆಗ್ರಹ. ಸರಕಾರವು ದಾಳಿಯ ಲೆಕ್ಕವನ್ನು ಬಂಧಿತರ ತಲೆ ಎಣಿಸಿ ಒಪ್ಪಿಸದೆ, ಎಷ್ಟು ದೊಡ್ಡ ವ್ಯಾಪಾರಿಗಳಿಗೆ ಶಿಕ್ಷೆಯಾಯಿತು, ಎಷ್ಟು ವ್ಯಸನಿಗಳು ಗುಣಮುಖರಾದರು ಎಂಬುದರ ಮೂಲಕ ಒಪ್ಪಿಸಲಿ. ಧಾರವಾಡದ ಡಿಮ್ಹಾನ್ಸ್‌ನಲ್ಲಿ ದೊರೆಯುವಂತಹ ಚಿಕಿತ್ಸೆಯ ಒಂದಂಶವಾದರೂ ತಾಲೂಕು ಆಸ್ಪತ್ರೆಗಳಿಗೆ ಇಳಿದುಬರಲಿ. ವೈದ್ಯರ ಚೀಟಿಯಿಲ್ಲದೆ ಮಾತ್ರೆ ಮಾರುವ ಅಂಗಡಿಗಳ ಮೇಲೆ ಕಣ್ಣಿಡಲಿ. ನಮ್ಮ ಅಂಜುಮನ್‌ಗಳು ಮತ್ತು ಮಸೀದಿ ಸಮಿತಿಗಳು ಶುಕ್ರವಾರದ ಖುತ್ಬಾದಲ್ಲಿ ಹರಾಮ್ ಎಂದು ಸಾರಿ ಸುಮ್ಮನಾಗದೆ, ಸರಕಾರದ 14446 ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಬರೆಯಿಸಲಿ, ಆಸ್ಪತ್ರೆಗೆ ಹೋಗಲು ಬಸ್ಸಿನ ಖರ್ಚಿಲ್ಲದ ತಾಯಿಗೆ ಬೈತುಲ್‌ಮಾಲ್‌ನಿಂದ ನೆರವಾಗಲಿ. ನಿಕಾಹ್‌ಗೆ ಮೊದಲು ಹುಡುಗನ ಸಂಬಳವನ್ನು ವಿಚಾರಿಸುವಷ್ಟೇ ಕಾಳಜಿಯಿಂದ ಅವನ ಆರೋಗ್ಯವನ್ನೂ ವಿಚಾರಿಸುವ ಪದ್ಧತಿ ಬರಲಿ.

ಮಗನು ಎಷ್ಟು ಹೊತ್ತಿಗೆ ಮನೆಗೆ ಬಂದ, ಅವನ ಕಣ್ಣು ಹೇಗಿದ್ದವು, ಅವನ ಗೆಳೆಯರಾರು ಎಂಬುದನ್ನು ಗೃಹ ಸಚಿವರು ನೋಡಲಾರರು. ಅದನ್ನು ನೋಡಬೇಕಾದವರು ನಾವು. ನೋಡಿದ ಮೇಲೆ ಹೊಡೆದು ಹೊರಗಟ್ಟುವುದೂ ಪರಿಹಾರವಲ್ಲ, ಮುಚ್ಚಿಟ್ಟು ಮದುವೆ ಮಾಡುವುದೂ ಪರಿಹಾರವಲ್ಲ. ಜ್ವರ ಬಂದ ಮಗನನ್ನು ದವಾಖಾನೆಗೆ ಕರೆದೊಯ್ಯುವ ಅದೇ ಕೈ ಅವನ ಹೆಗಲ ಮೇಲೆ ಬೀಳಲಿ. ಪೊಲೀಸರು ಬಾಗಿಲು ತಟ್ಟುವವರೆಗೆ ಕಾಯಬೇಕೇ?