ಹಾರುವ ಕಣ್ಣಿಗೂ ಒಂದು ಎಲ್ಲೆ ಇರಲಿ

ರಥೋತ್ಸವವನ್ನು ಆಕಾಶದಿಂದ ನೋಡುವ ಭಾಗ್ಯ ನಮ್ಮ ಹಿರಿಯರಿಗೆ ಇರಲಿಲ್ಲ. ಇಂದು ಅಂಗೈಯಗಲದ ಡ್ರೋನೊಂದು ಕ್ಯಾಮರಾ ಹೊತ್ತು ಮೇಲೇರಿ, ತೇರಿನ ಕಳಸವನ್ನೂ ಜನಸಾಗರವನ್ನೂ ಒಂದೇ ನೋಟದಲ್ಲಿ ಹಿಡಿದು ತರುತ್ತದೆ. ಪೈರಿಗೆ ಔಷಧ ಸಿಂಪಡಿಸಲೂ ಜಮೀನನ್ನು ಅಳೆಯಲೂ ಈ ಯಂತ್ರ ನೆರವಾಗುತ್ತಿರುವುದು ಸಂತೋಷದ ಸಂಗತಿಯೇ ಸರಿ. ಅದನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಹಾರಿಸುವ ಕೌಶಲ ಬಂದಷ್ಟು ಬೇಗ, ಎಲ್ಲಿ ಹಾರಿಸಬಾರದೆಂಬ ವಿವೇಕ ನಮ್ಮಲ್ಲಿ ಬಂದಿಲ್ಲವೆಂಬುದೇ ನನ್ನ ಕಳವಳ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೀದರಿನ ಕಡೆ ಛಾಯಾಗ್ರಹಣವನ್ನೇ ಕಾಯಕವಾಗಿ ಮಾಡಿಕೊಂಡಿದ್ದಾನೆ. ಮದುವೆಯ ಮನೆಯವರೊಬ್ಬರು ವಾಯುನೆಲೆಗೆ ಸಮೀಪದ ಬಯಲಿನಲ್ಲಿ ಡ್ರೋನ್ ಹಾರಿಸಿ, ವಧೂವರರ ಹಿನ್ನೆಲೆಯಲ್ಲಿ ವಿಮಾನಗಳು ಕಾಣುವಂತೆ ಚಿತ್ರ ತೆಗೆಯಬೇಕೆಂದು ಪಟ್ಟುಹಿಡಿದರಂತೆ. ಆತ ಒಪ್ಪದೆ ಮುಂಗಡ ಹಣವನ್ನು ಹಿಂದಿರುಗಿಸಿದನು. "ಗುರುಗಳೇ, ಮದುವೆಯ ಕೆಲಸವೇ ಕೈತಪ್ಪಿತು. ನಾನು ಮಾಡಿದ್ದು ಅತಿಯಾಯಿತೇ?" ಎಂದು ಕೇಳಿದನು. ಆತನಿಗೆ ನಾನಿತ್ತ ಉತ್ತರವನ್ನೇ ಇಲ್ಲಿ ತುಸು ವಿಸ್ತರಿಸಿದ್ದೇನೆ.

ಮೊದಲನೆಯದು ಪ್ರಾಣಾಪಾಯ. ಬೀದರಿನ ವಾಯುನೆಲೆಯಲ್ಲಿ ತರುಣ ಚಾಲಕರು ಹಾಕ್ ಜೆಟ್ ವಿಮಾನಗಳಲ್ಲಿ ತರಬೇತಿ ಪಡೆಯುತ್ತಾರೆ. ವೇಗದಿಂದ ಇಳಿಯುತ್ತಿರುವ ಚಾಲಕನ ಕಣ್ಣಿಗೆ ಸಣ್ಣ ಡ್ರೋನ್ ಬೀಳುವುದು ದುಸ್ತರ. ಬಿದ್ದರೂ ತಪ್ಪಿಸಿಕೊಳ್ಳಲು ಅವಕಾಶ ಅತ್ಯಲ್ಪ. 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಬಳಿ, ಕಾಡ್ಗಿಚ್ಚಿನ ಹಾನಿಯನ್ನು ನೋಡುವ ಕುತೂಹಲದಿಂದ ವ್ಯಕ್ತಿಯೊಬ್ಬನು ಹಾರಿಸಿದ ಚಿಕ್ಕ ಡ್ರೋನ್, ಬೆಂಕಿ ನಂದಿಸುತ್ತಿದ್ದ ವಿಮಾನದ ರೆಕ್ಕೆಗೆ ಬಡಿದು ರಂಧ್ರ ಮಾಡಿತು. ವಿಮಾನ ಸುರಕ್ಷಿತವಾಗಿ ಇಳಿಯಿತಾದರೂ, ಅತ್ಯಂತ ಅಗತ್ಯವಿದ್ದ ದಿನಗಳಲ್ಲೇ ಸೇವೆಯಿಂದ ಹೊರಗುಳಿಯಬೇಕಾಯಿತು. ಆ ಮನುಷ್ಯನಿಗೆ ದುರುದ್ದೇಶವಿರಲಿಲ್ಲ. ತನ್ನ ಯಂತ್ರ ದೃಷ್ಟಿಯಿಂದ ಮರೆಯಾದ ಮೇಲೂ ಅದನ್ನು ಹಾರಿಸುತ್ತಲೇ ಇದ್ದನು, ಅಷ್ಟೆ.

ಎರಡನೆಯದು ಮಾಹಿತಿಯ ಸೋರಿಕೆ. "ಉಪಗ್ರಹವೇ ಎಲ್ಲವನ್ನೂ ತೋರಿಸುತ್ತಿರುವಾಗ ನಮ್ಮ ಡ್ರೋನಿನಿಂದ ಏನು ಹಾನಿ?" ಎಂದು ಕೆಲವರು ವಾದಿಸುತ್ತಾರೆ. ಸಾರ್ವಜನಿಕರಿಗೆ ದೊರೆಯುವ ಉಪಗ್ರಹ ಚಿತ್ರ ಬಹುಮಟ್ಟಿಗೆ ಮೇಲಿನ ನೋಟ, ಅನೇಕ ವೇಳೆ ಹಳೆಯದು. ಡ್ರೋನ್ ತೋರಿಸುವುದು ಈ ಗಳಿಗೆಯ ಸ್ಥಿತಿಯನ್ನು, ಅದೂ ಪಕ್ಕದಿಂದ: ಯಾವ ಬಾಗಿಲಿಗೆ ಎಷ್ಟು ಕಾವಲು, ಪಹರೆ ಬದಲಾಗುವುದು ಯಾವಾಗ, ಬೇಲಿ ಎಲ್ಲಿ ತಗ್ಗು. ಚಿತ್ರದೊಡನೆ ಸ್ಥಳ, ಸಮಯಗಳೂ ದಾಖಲಾಗಿರುವುದುಂಟು. ಬಿಡಿಯಾಗಿ ನಿರುಪದ್ರವಿಯಾದ ಮಾಹಿತಿ ಇಡಿಯಾಗಿ ಏನು ಹೇಳಬಲ್ಲದೆಂಬುದಕ್ಕೆ ನಿದರ್ಶನವಿದೆ. ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ತನ್ನ ಬಳಕೆದಾರರ ಓಟ, ನಡಿಗೆಗಳ ಜಾಡನ್ನು ಒಟ್ಟುಗೂಡಿಸಿ 2017ರಲ್ಲಿ ಭೂಪಟವೊಂದನ್ನು ಪ್ರಕಟಿಸಿತು. ಸೈನಿಕರ ವ್ಯಾಯಾಮದ ಜಾಡುಗಳಿಂದಲೇ ಸೇನಾನೆಲೆಗಳ ರೂಪುರೇಖೆ ಅದರಲ್ಲಿ ಮೂಡಿದ್ದುದನ್ನು 2018ರ ಜನವರಿಯಲ್ಲಿ ವಿದ್ಯಾರ್ಥಿಯೊಬ್ಬನು ಗುರುತಿಸಿದನು.

ಮೂರನೆಯದು ಕಾವಲುಗಾರನ ಸಂಕಟ. 2021ರ ಜೂನ್ 27ರಂದು ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನುಗಳು ಸ್ಫೋಟಕಗಳನ್ನು ಬೀಳಿಸಿದವು. ಇಬ್ಬರು ಸಿಬ್ಬಂದಿ ಗಾಯಗೊಂಡರು. 2025ರ ಮೇ ತಿಂಗಳಿನ ಸಂಘರ್ಷದಲ್ಲಿ ಪಾಕಿಸ್ತಾನದ ಕಡೆಯಿಂದ ಡ್ರೋನುಗಳ ಹಿಂಡುಗಳೇ ಬಂದವು. ಇಂತಹ ಕಾಲದಲ್ಲಿ ಮೇಲೆ ಹಾರುವುದು ಮದುವೆಯ ಕ್ಯಾಮರಾವೋ ಮದ್ದುಗುಂಡೋ ಎಂಬುದನ್ನು ಪಹರೆಯ ಯೋಧ ಕ್ಷಣಾರ್ಧದಲ್ಲಿ ನಿರ್ಧರಿಸಬೇಕು. ಅವನ ಗಮನವನ್ನು ವೃಥಾ ಸೆಳೆಯುವುದೂ ಒಂದು ಅಪಕಾರವೇ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳೆಂದು ವಿಂಗಡಿಸಿವೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 250 ಗ್ರಾಂ ಮೀರದ ಯಂತ್ರಕ್ಕೆ ಚಾಲಕನ ಪ್ರಮಾಣಪತ್ರ ಬೇಡವೆಂಬ ರಿಯಾಯಿತಿಯುಂಟು. ಆದರೆ ಯಂತ್ರ ಹಗುರವೆಂದ ಮಾತ್ರಕ್ಕೆ ಕೆಂಪು ವಲಯ ಹಸಿರಾಗುವುದಿಲ್ಲ. 1923ರ ಅಧಿಕೃತ ರಹಸ್ಯಗಳ ಕಾಯಿದೆಯಂತೂ, ದೇಶದ ಸುರಕ್ಷತೆಗೆ ಬಾಧಕವಾದ ಉದ್ದೇಶದಿಂದ ನಿಷಿದ್ಧ ಸ್ಥಳದ ಮೇಲೆ ಹಾದುಹೋಗುವುದನ್ನೂ ಅಪರಾಧವೆನ್ನುತ್ತದೆ. ಆ ಉದ್ದೇಶವನ್ನು ಸಂದರ್ಭದಿಂದ ಊಹಿಸಲೂ ಅದರಲ್ಲಿ ಅವಕಾಶವಿದೆ. ಆದುದರಿಂದ 'ಸುಮ್ಮನೆ ಹಾರಿಸಿದೆ' ಎಂಬ ಮಾತು ಎಲ್ಲ ಕಾಲಕ್ಕೂ ರಕ್ಷಣೆಯಾಗಲಾರದು.

ಆದರೆ ಹೊಣೆ ಪ್ರಜೆಯೊಬ್ಬನದೇ ಅಲ್ಲ. ಬೀದರಿರಲಿ, ಕಾರವಾರದ ಕದಂಬ ನೌಕಾನೆಲೆಯಿರಲಿ, ಸುತ್ತಲಿನ ಹಳ್ಳಿಗಳಿಗೂ ಪ್ರವಾಸಿಗಳಿಗೂ ತಿಳಿಯುವಂತೆ ಎಲ್ಲೆಯ ವಿವರ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಇರಬೇಕು. ಗೊತ್ತಿಲ್ಲದವನನ್ನು ಹಿಡಿದು ದಂಡಿಸುವುದಕ್ಕಿಂತ ಮೊದಲೇ ತಿಳಿಸುವುದು ಲೇಸು.

ನಮ್ಮ ಪಾಲಿನ ಕರ್ತವ್ಯವೂ ಉಂಟು. ಮುಂದೆಂದಾದರೂ ದಾನಿಗಳು ಶಾಲೆಗೆ ಡ್ರೋನ್ ಕೊಡುಗೆಯಾಗಿ ನೀಡಿದರೆ ಕೃತಜ್ಞತೆಯಿಂದ ಸ್ವೀಕರಿಸೋಣ. ಆದರೆ ಮಕ್ಕಳ ಕೈಗೆ ಅದರ ನಿಯಂತ್ರಕವನ್ನು ಕೊಡುವ ಮುನ್ನ, ಸರ್ಕಾರದ ವಲಯ ಭೂಪಟವನ್ನು ಅಂದಂದೇ ನೋಡುವ ಪರಿಪಾಠ ಕಲಿಸೋಣ. ಕೆಂಪು ವಲಯ ತಾತ್ಕಾಲಿಕವಾಗಿಯೂ ಘೋಷಿತವಾಗಬಹುದಷ್ಟೆ. ಛಾಯಾಗ್ರಾಹಕರಾದ ನಮ್ಮ ಹಳೆಯ ವಿದ್ಯಾರ್ಥಿಗಳು ನಿಷಿದ್ಧ ಚಿತ್ರಕ್ಕೆ ಒಲ್ಲೆನೆಂದಾಗ, ಕೆಲಸ ಕೊಡುವವರಾದ ನಾವು ಅವರ ಮೇಲೆ ಮುನಿಯದಿರೋಣ.

ಆ ಹುಡುಗನಿಗೆ ನಾನು ಹೇಳಿದ್ದಿಷ್ಟೆ: "ನೀನು ಮಾಡಿದ್ದು ಅತಿಯಲ್ಲಪ್ಪಾ. ನಮ್ಮ ಮನೆಯ ಮದುವೆಗೆ ನೀನೇ ಬಾ."