ಸಾಲ್ಮಿಯಾ ಡೈರಿ: ಈ ಪೆಪ್ಟೈಡ್ ಅಂದ್ರೆ ಏನ್ರೀ?

ಕುವೈತ್‌ನ ವಯಸ್ಕರಲ್ಲಿ ಸುಮಾರು ನಾಲ್ವರಿಗೆ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಅನ್ನತ್ತೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜು. ಹಾಗಾಗಿ ಇಲ್ಲಿ ಎಷ್ಟೋ ಮನೆಗಳ ಫ್ರಿಜ್‌ನಲ್ಲಿ ಪೆಪ್ಟೈಡ್ ಇದ್ದೇ ಇದೆ. ಅದರ ಹೆಸರು ಇನ್ಸುಲಿನ್, ಅಷ್ಟೇ!

ಈಗ ಸಾಲ್ಮಿಯಾದ ನಮ್ಮ ಜಿಮ್‌ನಲ್ಲೂ ಅದೇ ಜಪ. ತೂಕ ಇಳಿಯೋಕೆ ಪೆಪ್ಟೈಡ್, ನೋವಿಗೆ ಪೆಪ್ಟೈಡ್, ಮುಖ ಹೊಳೆಯೋಕೂ ಪೆಪ್ಟೈಡ್. ಪುತ್ತೂರಿನವನಾದ ನನ್ನ ರೂಮ್‌ಮೇಟ್ ಭುಜದ ನೋವಿಗೆ ಅಂತ ಬಿಪಿಸಿ-157 ಅನ್ನೋ ಪುಟ್ಟ ಬಾಟ್ಲಿಯೊಂದನ್ನ ಇಂಟರ್ನೆಟ್‌ನಲ್ಲಿ ನೋಡಿಟ್ಟಿದ್ದಾನೆ. "ಇನ್ಸುಲಿನ್ ಕೂಡ ಪೆಪ್ಟೈಡೇ ಅಲ್ವಾ ಮಾರಾಯ? ನಿನ್ನ ಅಮ್ಮ ದಿನಾ ಚುಚ್ಚಿಕೊಳ್ತಾರೆ, ಅವರಿಗೆ ಎಂತ ಆಗಿದೆ?" ಅಂತ ಅವನ ಲಾಜಿಕ್ಕು.

ಅರ್ಧ ಸರಿ. ಪ್ರೋಟೀನ್ ಅಂದ್ರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಸುಮಾರು 50 ಮಣಿಗಳ ಒಳಗಿನ ಗಿಡ್ಡ ಸರಕ್ಕೆ ಪೆಪ್ಟೈಡ್ ಅಂತಾರೆ. 51 ಮಣಿಯ ಇನ್ಸುಲಿನ್ ಗೆರೆ ಮೇಲೇ ಕೂತಿದೆ. ಮಣಿಗಳಲ್ಲಿ ಮುಖ್ಯವಾಗಿ 20 ಬಗೆ. ನಾವು ಬರೆಯೋ ಕೋಡ್ ಥರಾನೇ, ಅಕ್ಷರ ಅವೇ ಆದ್ರೂ ಜೋಡಿಸೋ ಕ್ರಮ ಬದಲಾದ್ರೆ ಕೆಲಸವೇ ಬೇರೆ. ಒಂದು ಪೆಪ್ಟೈಡ್ ಒಳ್ಳೇದು ಅಂತ ಇನ್ನೊಂದೂ ಒಳ್ಳೇದಾಗಬೇಕಿಲ್ಲ.

ಇನ್ನು ಬಾಯಲ್ಲಿ ನುಂಗಿದ್ರೆ ಹೊಟ್ಟೆ ಅದನ್ನ ತೊವ್ವೆ ಥರ ಅರಗಿಸಿಬಿಡತ್ತೆ. ಅದಕ್ಕೇ ಹೆಚ್ಚಿನವು ಸೂಜಿಯಲ್ಲೇ ಬರೋದು. ಸೂಜಿ ಅಂದ ಮೇಲೆ ಒಳಗೇನಿದೆ ಅನ್ನೋದು ಜೀವದ ಪ್ರಶ್ನೆ.

1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಔಷಧ ಶುದ್ಧವಾಗಿರಲಿಲ್ಲ. ಲಾಭ ಕಡಿಮೆ, ಚುಚ್ಚಿದ ಜಾಗದಲ್ಲಿ ಬಾವು. ಕಾಲಿಪ್ ಅನ್ನೋ ರಸಾಯನ ವಿಜ್ಞಾನಿ ಅದನ್ನ ಶುದ್ಧ ಮಾಡಿದ ಮೇಲೆ, 12 ದಿನ ಬಿಟ್ಟು ಮತ್ತೆ ಕೊಟ್ಟಾಗ ಸಕ್ಕರೆ ಇಳೀತು. ಪೆಪ್ಟೈಡ್ ಅದೇ, ಶುದ್ಧತೆ ಬೇರೆ!

ತೂಕ ಇಳಿಸೋ ಸೆಮಗ್ಲುಟೈಡ್‌ಗೂ ಇಂಥದೇ ದಾರಿ. ದೊಡ್ಡ ಪರೀಕ್ಷೆಗಳನ್ನ ದಾಟಿ ಅಮೆರಿಕದಲ್ಲಿ 2017ರಲ್ಲಿ ಮಧುಮೇಹಕ್ಕೆ, 2021ರಲ್ಲಿ ತೂಕಕ್ಕೆ ಒಪ್ಪಿಗೆ ಪಡೀತು. ಆದ್ರೂ ವಾಕರಿಕೆ, ವಾಂತಿ ತಪ್ಪಿದ್ದಲ್ಲ, ಡಾಕ್ಟರ್ ಚೀಟಿ ಬೇಕೇ ಬೇಕು.

ಬಿಪಿಸಿ-157ಕ್ಕೆ 15 ಮಣಿ. ಅದರ ಬಗೆಗಿನ ಅಧ್ಯಯನಗಳು ಹೆಚ್ಚಾಗಿ ಇಲಿಗಳ ಮೇಲಿನವು. ಅಮೆರಿಕದ ಎಫ್‌ಡಿಎ ಅದನ್ನ ಔಷಧ ಅಂತ ಅನುಮೋದಿಸಿಲ್ಲ. ಕ್ರೀಡಾಪಟುಗಳಿಗೆ 2022ರಿಂದ ಅದು ನಿಷಿದ್ಧ. ಇಂಥ ಬಾಟ್ಲಿಗಳ ಮೇಲೆ 'ಸಂಶೋಧನೆಗೆ ಮಾತ್ರ' ಅಂತ ಬರೆದು ಮಾರೋದು ಮಾಮೂಲು. ಇಲಿಯೂ ಓದಲ್ಲ, ನಾವೂ ಓದಲ್ಲ :)

ಯಾರಾದ್ರೂ 'ಪೆಪ್ಟೈಡ್ ತಗೋ' ಅಂದ್ರೆ ಮೂರೇ ಪ್ರಶ್ನೆ ಕೇಳಿ. ಯಾವ ಪೆಪ್ಟೈಡು? ಯಾವ ಕಾಯಿಲೆಗೆ ಅಂತ ಯಾರು ಒಪ್ಪಿಗೆ ಕೊಟ್ಟಿದ್ದಾರೆ? ಬಾಟ್ಲಿಯಲ್ಲಿ ಅದೇ ಇದೆ ಅಂತ ಪರೀಕ್ಷೆ ಮಾಡಿದೋರು ಯಾರು? ನಮ್ಮಮ್ಮನ ಇನ್ಸುಲಿನ್‌ಗೆ ಈ ಮೂರಕ್ಕೂ ಉತ್ತರ ಇದೆ. ಉತ್ತರ ಇಲ್ಲದ ಬಾಟ್ಲಿ ಅಂಗಡಿಯಲ್ಲೇ ಇರಲಿ ಬಿಡಿ.